ಹಿರೇಬಾವಿಯ ನೀರಿಗೆ ಮೂವತ್ತು ಹೆಬ್ಬೆಟ್ಟು

ಗಂಜಿಗೇರಿ, ಮುಧೋಳ ಹೋಬಳಿ, ಸೇಡಂ ತಾಲೂಕು
3 ಸೆಪ್ಟೆಂಬರ್ 2024

ಶಹಾಬಾದಿನಲ್ಲಿ ನೀರು ಪರೀಕ್ಷೆ ಮಾಡುವ ಮೈತ್ರಿ ಮೇಡಂ ಅವರಿಗೆ, ಗಂಜಿಗೇರಿ ಪಂಚಾಯಿತಿಯ ವಾಟರ್‌ಮನ್ ಗುರುಲಿಂಗಯ್ಯ ಮಾಡುವ ಶರಣು.

ಫೋನ್ ಮಾಡಬಾರದು, ಬಾಟಲಿಯ ಜೊತೆ ಚೀಟಿ ಬರೆದೇ ಕಳಿಸಬೇಕು ಅಂತ ನಿಮ್ಮ ಸೂಚನೆಯಲ್ಲಿ ಅಚ್ಚಾಗಿದೆ. ಚೀಟಿಯಲ್ಲಿ ನಾಲ್ಕು ಗೆರೆ ಜಾಗ ಬಿಟ್ಟಿದ್ದೀರಿ. ಗಂಜಿಗೇರಿಯ ಹಿರೇಬಾವಿಗೆ ನಾಲ್ಕು ಗೆರೆ ಅಂದರೆ ಆನೆಗೆ ಅಂಗಿ ಹೊಲಿಸಲು ಕರವಸ್ತ್ರ ಕೊಟ್ಟಂತೆ. ಅದಕ್ಕೇ ಈ ಹಾಳೆ.

ಬಾವಿ ಎಂಟು ಮಾರು ಆಳ. ಸುತ್ತ ನಿಮ್ಮೂರಿನ ಪರಸಿ ಕಲ್ಲಿನದೇ ಕಟ್ಟೆ, ಹತ್ತಲು ಮೂರು ಮೆಟ್ಟಿಲು. ಇದಕ್ಕಾಗಿ ರಕ್ತ ಹರಿಸಲು ಸಿದ್ಧರಿರುವ ಜನ ನಮ್ಮವರು. ಇದು ಮಾತಿನ ಅಲಂಕಾರವಲ್ಲ. ನಿನ್ನೆ ಸೋಮವಾರ ಸರದಿಗಾಗಿ ನಡೆದ ಮಹಾಯುದ್ಧದಲ್ಲಿ ಪ್ಲಾಸ್ಟಿಕ್ ಕೊಡ ಏಳು, ಹಿತ್ತಾಳೆ ಕೊಡ ಮೂರು ವೀರಮರಣ ಅಪ್ಪಿದವು. ಸೂರ್ಯಕಾಂತನ ಹೆಂಡತಿಯ ಹಣೆಗೆ ಐದು ಹೊಲಿಗೆ ಬಿದ್ದಿವೆ. ಎದುರು ಪಕ್ಷದ ಎರಡು ಹಲ್ಲು ಬಾವಿಗೇ ಬಿದ್ದಿವೆ. ಪರೀಕ್ಷೆಯಲ್ಲಿ ಸಿಕ್ಕರೆ ಗಾಬರಿಯಾಗಬೇಡಿ, ಅವು ನಮ್ಮೂರಿನವೇ.

ಸೇಡಂ ಬಸ್ಸಿನ ಕಂಡಕ್ಟರ್ ಇಮ್ರಾನ್ ಕೈಯಲ್ಲಿ ಬಾಟಲಿ ಕಳಿಸಿದ್ದೇನೆ. ನೀರು ಚೊಕ್ಕ ಇದೆ ಅಂತ ಒಂದು ಕಾಗದ ಕೊಟ್ಟರೆ ಗುಡಿಯ ಗೋಡೆಗೆ ಅಂಟಿಸುತ್ತೇವೆ.

ಮೈತ್ರಿ ಅಂಬೋ ಹೆಸರು ಭಾಳ ಚಂದ. ಯಾವ ಊರು, ಯಾವ ಮನೆತನ ಅಂತ ಕೇಳುವುದು ನಮ್ಮ ಕಡೆ ಪದ್ಧತಿ. ತಪ್ಪು ತಿಳಿಯಬಾರದು.

ಗುರುಲಿಂಗಯ್ಯ


ಶಹಾಬಾದ
10 ಸೆಪ್ಟೆಂಬರ್ 2024

ಗುರುಲಿಂಗಯ್ಯನವರಿಗೆ ನಮಸ್ಕಾರ.

ಹಲ್ಲು ಸಿಗಲಿಲ್ಲ. ಸುಣ್ಣವೂ ಸಿಗಲಿಲ್ಲ. ಹಲ್ಲು ಸಿಗದಿದ್ದುದಕ್ಕೆ ಬೇಸರವಿಲ್ಲ, ಸುಣ್ಣ ಸಿಗದಿದ್ದುದು ಪವಾಡ. ಸೇಡಂ, ಚಿತ್ತಾಪುರ, ವಾಡಿ ಈ ಕಡೆಯ ನೆಲವೆಲ್ಲ ಸುಣ್ಣದ ಕಲ್ಲು. ಇಲ್ಲಿಯ ಯಾವ ಬಾವಿಯ ನೀರಿನಲ್ಲೂ ಬೇಳೆ ಬೇಯಲು ಒಂದು ತಾಸು ಹೆಚ್ಚು ಬೇಕು. ನಿಮ್ಮ ಬಾಟಲಿಯ ನೀರು ಮಾತ್ರ ಕಾಶಿಗೆ ಹೋಗಿ ಬಂದಷ್ಟು ನಿರ್ಮಲ.

ಇಂಥ ನೀರನ್ನು ಭೂಮಿ ಮಾಡುವುದಿಲ್ಲ, ಫಿಲ್ಟರ್ ಯಂತ್ರ ಮಾಡುತ್ತದೆ. ಬಾಟಲಿ ಯಾರು ತುಂಬಿದರು, ಎಲ್ಲಿ ತುಂಬಿದರು, ದಯವಿಟ್ಟು ಬರೆಯಿರಿ. ಇನ್ನೊಂದು ಬಾಟಲಿ ಕಳಿಸಿದ್ದೇನೆ. ಬಾವಿಯ ಸುತ್ತ ಏನೇನು ನಡೆಯುತ್ತದೆ ಎಂಬುದನ್ನೂ ಬರೆಯಿರಿ. ಯುದ್ಧ ಬಿಟ್ಟು.

ಊರು ವಾಡಿ.

ಮೈತ್ರಿ


ಗಂಜಿಗೇರಿ
16 ಸೆಪ್ಟೆಂಬರ್ 2024

ಮೈತ್ರಿ ತಾಯಿಯವರಿಗೆ ಶರಣು.

ಸಿಕ್ಕಿಬಿದ್ದೆ. ತುಂಬಿದವನು ನಾನೇ, ಮುಧೋಳದ ಫಿಲ್ಟರಿನಲ್ಲಿ ತುಂಬಿದ್ದು. ಮೋಸ ಅಂತ ಬರೆದುಕೊಳ್ಳಬೇಡಿ, ಮರ್ಯಾದೆ ಅಂತ ಬರೆದುಕೊಳ್ಳಿ. ಬೀಗರು ಬಂದರೆ ಮನೆಯ ಒಡೆದ ಲೋಟದಲ್ಲಿ ನೀರು ಕೊಡುತ್ತೇವೆಯೇ? ಪಕ್ಕದ ಮನೆಯ ಸ್ಟೀಲ್ ಲೋಟ ತರುತ್ತೇವೆ. ಸರ್ಕಾರ ಮೊದಲ ಸಲ ನಮ್ಮೂರಿನ ನೀರು ಕೇಳಿದೆ, ಬಾವಿಯದನ್ನು ಕಳಿಸಲು ಕೈ ಬರಲಿಲ್ಲ. ಊರಿನ ಮಾನ ಕಾಯುವುದು ನನ್ನ ಚಟ.

ಈಗ ಹಿರೇಬಾವಿಯದೇ ಕಳಿಸಿದ್ದೇನೆ, ಲಿಂಗದಾಣೆ.

ಬಾವಿಯ ಸುತ್ತ: ಕಟ್ಟೆಯ ಕೆಳಗೆ ಒಂದು ಬಂಡೆ. ಹೊಲಕ್ಕೆ ಎಣ್ಣೆ ಹೊಡೆಯುವ ಪಂಪುಗಳನ್ನು ಸಂಜೆ ಅಲ್ಲಿ ತೊಳೆಯುತ್ತಾರೆ. ಎಣ್ಣೆ ಅಂದರೆ ಅಡಿಗೆಯದಲ್ಲ, ಹುಳ ಸಾಯುವುದು. ಊರಿಗೆಲ್ಲ ಎಣ್ಣೆ ಹೊಡೆಯುವ ಕೂಲಿ ಚಂದ್ರಾಮನದು, ಕೆಳಗಿನ ಓಣಿಯವ. ಬೆನ್ನಿಗೆ ಪಂಪು ಕಟ್ಟಿಕೊಂಡೇ ಹುಟ್ಟಿದವನಂತೆ ಇದ್ದಾನೆ. ತೊಗರಿ ಹೂವಿಗೆ ಬಂದಾಗ ದಿನಕ್ಕೆ ಇಪ್ಪತ್ತು ಪಂಪು ತೊಳೆಯುತ್ತಾನೆ. ತೊಳೆದು ಮನೆಮನೆಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಬೈಗುಳ, ಕೆಲವೊಮ್ಮೆ ಕಪಾಳಕ್ಕೂ ಬೀಳುತ್ತದೆ. ಒಳ್ಳೆಯ ಮನುಷ್ಯ, ತಿರುಗಿ ಮಾತಾಡುವುದಿಲ್ಲ.

ಊರು ವಾಡಿ ಅಂದಿರಿ. ಮನೆತನ ಹೇಳಲಿಲ್ಲ. ಇರಲಿ, ಬರೆಯುವ ಠೀವಿಯಲ್ಲೇ ದೊಡ್ಡ ಮನೆಯವರು ಅಂತ ಗೊತ್ತಾಗುತ್ತದೆ.

ಗುರುಲಿಂಗಯ್ಯ


ಶಹಾಬಾದ
1 ಅಕ್ಟೋಬರ್ 2024

ಗುರುಲಿಂಗಯ್ಯನವರಿಗೆ,

ಕೆಲಸ ಬಹಳ, ಆದ್ದರಿಂದ ಚುಟುಕಾಗಿ ಬರೆಯುತ್ತೇನೆ. ಗೊಬ್ಬರದಿಂದ ಇಳಿಯುವ ನೈಟ್ರೇಟ್ ಲೀಟರಿಗೆ ನಲವತ್ತೈದು ಮಿಲಿಗ್ರಾಂ ಒಳಗಿರಬೇಕು, ನಿಮ್ಮ ಬಾವಿಯಲ್ಲಿ ನೂರಾ ಹದಿನೆಂಟು ಇದೆ. ತೊಗರಿಯ ಹುಳಕ್ಕೆ ಹೊಡೆಯುವ ಎಣ್ಣೆಯೂ ಸಿಕ್ಕಿದೆ, ಇರಬಾರದಷ್ಟು. ಕೂಸುಗಳಿಗೆ, ಬಸುರಿಯರಿಗೆ ಈ ನೀರು ಇವತ್ತಿನಿಂದಲೇ ಕೊಡಬಾರದು. ಉಳಿದವರೂ ಕುಡಿಯಬಾರದು. ಕುದಿಸಿದರೂ ಪ್ರಯೋಜನವಿಲ್ಲ.

ಎಲ್ಲರಿಗೂ ತಿಳಿಸಿ.

ಮೈತ್ರಿ


ಗಂಜಿಗೇರಿ
9 ಅಕ್ಟೋಬರ್ 2024

ಮೈತ್ರಿ ಮೇಡಂ ಅವರಿಗೆ,

ತಿಳಿಸಿ ಅಂದಿರಿ, ತಿಳಿಸಿದೆ. ಗುಡಿಯ ಮೈಕಿನಲ್ಲಿ, ರಾಗವಾಗಿ. ನೈಟ್ರೇಟ್ ಅಂದಾಗ ಯಾರೂ ಕದಲಲಿಲ್ಲ, ಅದು ಯಾರೋ ಹೊಸ ತಹಶೀಲ್ದಾರರು ಅಂದುಕೊಂಡಿರಬೇಕು. ಬಾವಿಯಲ್ಲಿ ಎಣ್ಣೆ ಸಿಕ್ಕಿದೆ ಅಂದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಪಂಚಾಯಿತಿ ಮೆಂಬರು ದೇವಿಂದ್ರಪ್ಪ ಎದ್ದು ನಿಂತ. ಅವನ ಎಮ್ಮೆ ಹಿಂದಿನ ವಾರ ಬಾವಿಯ ಪಕ್ಕ ದನ ನೀರು ಕುಡಿಯುವ ಬಾನಿಯಲ್ಲಿ ಬಾಯಿಟ್ಟು ಅಲ್ಲೇ ಕಾಲು ಬಡಿದು ಸತ್ತಿತ್ತು.

"ಎಣ್ಣಿಗೆ ಕಾಲ ಅದಾವೇನು? ನಡಕೋತ ಬಂದು ಬಾವ್ಯಾಗ ಬಿತ್ತೇನು? ಯಾವನೋ ಹಾಕ್ಯಾನ."

"ಯಾರ ಹಾಕ್ತಾರಪ್ಪ?" ಅಂತ ಗುಂಪಿನಲ್ಲೊಬ್ಬ.

"ಎಣ್ಣಿ ಡಬ್ಬಿ ದಿನಾ ಯಾರ ಕೈಯಾಗ ಇರ್ತದೋ ಅವನ್ನ ಕೇಳ್ರಿ."

ನಮ್ಮೂರಿನಲ್ಲಿ ರಸ್ತೆಗೆ ಒಂದು ಬುಟ್ಟಿ ಮಣ್ಣು ಹಾಕಿಸಲು ಆರು ಸಭೆ ಬೇಕು. ಇದಕ್ಕೆ ಸಭೆ ಬೇಕಾಗಲಿಲ್ಲ. ಐವತ್ತು ಜನ ಎದ್ದು ಬಾವಿಯ ಕಡೆ ನಡೆದರು. ಚಂದ್ರಾಮ ಬಂಡೆಯ ಮೇಲೆ ಕೂತು ದೇವಿಂದ್ರಪ್ಪನದೇ ಪಂಪು ತೊಳೆಯುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಎಲ್ಲಿಂದಲೋ ಒಂದು ಕಬ್ಬಿಣದ ಏಟು ಬಿತ್ತು, ಮುಖಕ್ಕೆ. ಆಮೇಲೆ ಸರದಿಯ ಪ್ರಶ್ನೆ ಬರಲಿಲ್ಲ. ಹೆಂಗಸರು ನೀರಿಗೆ ಸಾಲು ನಿಲ್ಲುವುದಿಲ್ಲ, ಗಂಡಸರು ಹೊಡೆಯಲು ಎಷ್ಟು ಶಿಸ್ತಿನಿಂದ ನಿಂತರು ಅಂತೀರಿ. ಪಂಪಿನ ಕೊಳವೆಯಿಂದ ಹೊಡೆದರು. ಪಂಪಿನಲ್ಲಿ ಉಳಿದಿದ್ದ ಎಣ್ಣೆಯನ್ನು ಬಾಯಿಗೆ ಸುರಿಯಲು ಹೋದರು. ಅವನ ಹೆಂಡತಿ ಲಾಲಮ್ಮ ನಡುವೆ ಬಿದ್ದು ಅವನ ಬಾಯಿ ಮುಚ್ಚಿ ಹಿಡಿದಳು, ಏಟಿಗೆ ಆಕೆಯ ಎರಡು ಬೆರಳು ಹೋದವು. ಆಮೇಲೆ ಪಂಪುಗಳಿಗೆ ಬೆಂಕಿ ಇಟ್ಟರು. ತಮ್ಮವೇ ಪಂಪುಗಳಿಗೆ. ಊರೆಲ್ಲ ಗಂಟಲು ಹಿಡಿದು ಕೆಮ್ಮಿತು.

ಚಂದ್ರಾಮ ಸೇಡಂ ದವಾಖಾನೆಯಲ್ಲಿದ್ದಾನೆ, ಪಕ್ಕದಲ್ಲಿ ಪೊಲೀಸ್. ಎಡಗಣ್ಣು ಹೋಗಿದೆ. ಬಾವಿಗೆ ವಿಷ ಹಾಕಿದ ಅಂತ ದೇವಿಂದ್ರಪ್ಪ ಫಿರ್ಯಾದು ಕೊಟ್ಟಿದ್ದಾನೆ. ಕಣ್ಣಿನ ಗಾಯ ಒಣಗಿದ ಮೇಲೆ ಜೈಲಂತೆ.

ಬಾವಿಯ ನೀರು ಜನ ಕುಡಿಯುತ್ತಿದ್ದಾರೆ. ವಿಷ ಹಾಕುವವನು ಸಿಕ್ಕನಲ್ಲ, ಇನ್ನೇನು ಭಯ ಅನ್ನುತ್ತಾರೆ.

ಗುರುಲಿಂಗಯ್ಯ


ಶಹಾಬಾದ
11 ಅಕ್ಟೋಬರ್ 2024

ಗುರುಲಿಂಗಯ್ಯನವರಿಗೆ,

ನಿಮ್ಮ ಪತ್ರದಲ್ಲಿ ಎರಡು ಕಡೆ ನಗು ಬಂತು. ನಕ್ಕ ಮೇಲೆ ನೀರು ಕುಡಿಯಲಾಗಲಿಲ್ಲ.

ನಾನು ಒಂದು ಮಾತು ಬರೆಯದೆ ಬಿಟ್ಟಿದ್ದೆ. ಒಂದೊಂದು ಊರಿನ ವರದಿ ಒಂದೊಂದು ಊರಿಗೇ ಹೋಗಬೇಕು, ಮತ್ತೊಂದರ ಸುದ್ದಿ ಸೇರಿಸಬಾರದು ಎಂಬುದು ಇಲ್ಲಿಯ ನಿಯಮ. ನಿಯಮ ಪಾಲಿಸಿದೆ. ಈಗ ಮುರಿಯುತ್ತೇನೆ. ಇದೇ ಎಣ್ಣೆ ಈ ಸಲ ಹನ್ನೊಂದು ಊರಿನ ಬಾವಿಗಳಲ್ಲಿ ಸಿಕ್ಕಿದೆ. ಕಾಳಗಿಯ ಕಡೆ ಎರಡು, ಚಿಂಚೋಳಿಯ ಕಡೆ ನಾಲ್ಕು, ಉಳಿದವು ನಿಮ್ಮ ಸುತ್ತಮುತ್ತ. ಎಲ್ಲ ಕಡೆಯೂ ಬಾವಿಯ ಪಕ್ಕ ಪಂಪು ತೊಳೆಯುವ ಬಂಡೆ ಇದೆ. ಬಂಡೆಯ ಬಿರುಕಿನಿಂದ ಇಳಿದ ನೀರು ಮತ್ತೆ ಬಾವಿಗೇ ಹೋಗುತ್ತದೆ. ಯಾರೂ ಹಾಕಿಲ್ಲ, ಎಲ್ಲರೂ ತೊಳೆಸಿದ್ದೀರಿ. ಇದನ್ನು ಒಂದನೇ ತಾರೀಕೇ ಬರೆದಿದ್ದರೆ ಒಂದು ಕಣ್ಣು ಉಳಿಯುತ್ತಿತ್ತು.

ನನ್ನದು ಒಂದೇ ಪ್ರಶ್ನೆ. ಚಂದ್ರಾಮ ಆ ಬಾವಿಯ ಕಟ್ಟೆ ಹತ್ತಬಹುದೇ?

ಮೈತ್ರಿ


ಶಹಾಬಾದ
28 ಅಕ್ಟೋಬರ್ 2024

ಗುರುಲಿಂಗಯ್ಯನವರಿಗೆ,

ಹದಿನೇಳು ದಿನವಾಯಿತು. ನಾಲ್ಕು ಗೆರೆ ಸಾಲದು ಎಂದವರು ಒಂದು ಗೆರೆಯನ್ನೂ ಬರೆದಿಲ್ಲ. ಮರುಪರೀಕ್ಷೆಯ ಬಾಟಲಿಯೂ ಬಂದಿಲ್ಲ. ತಾನು ಬಸ್ಸು ನಿಲ್ಲಿಸಿದರೆ ಅಯ್ಯನೋರು, ಅಂದರೆ ನೀವು, ಮುಖ ತಿರುಗಿಸುತ್ತೀರಿ ಎಂದು ಇಮ್ರಾನ್ ಹೇಳುತ್ತಾನೆ.

ಅದೇ ಪ್ರಶ್ನೆಯನ್ನು ಠಾಣೆಗೆ ಬರೆದು ಕಳಿಸಿದ್ದೇನೆ, ಹನ್ನೊಂದು ವರದಿಗಳ ನಕಲಿನ ಜೊತೆ. ಕಟ್ಟೆ ಹತ್ತಲು ಬಿಡದವನು ಬಾವಿಯೊಳಗೆ ವಿಷ ಸುರಿಯಲಾರ. ಇಷ್ಟು ಸರಳ ಲೆಕ್ಕದಿಂದ ಅವನು ಬಿಡುಗಡೆಯಾಗುತ್ತಾನೆ ಎಂದು ನನ್ನ ನಂಬಿಕೆ.

ಮೈತ್ರಿ


ಗಂಜಿಗೇರಿ
6 ನವೆಂಬರ್ 2024

ಮೈತ್ರಿ ಮೇಡಂ ಅವರಿಗೆ,

ನಿಮ್ಮ ಸರಳ ಲೆಕ್ಕದಿಂದ ಗಂಜಿಗೇರಿಯಲ್ಲಿ ಒಂದು ದಿನದಲ್ಲಿ ಸಮಾನತೆ ಬಂತು. ಇಂಥದ್ದು ಯಾವ ಯೋಜನೆಯಿಂದಲೂ ಆಗಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಗುಡಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೇಳಿದರು, "ಚಂದ್ರಾಮ ಕಟ್ಟಿ ಹತ್ತತಾನೋ ಇಲ್ಲೋ?" ಊರಿನ ಹಿರಿಯರು ಬೆವತರು. ಇಲ್ಲ ಅಂದರೆ ಹತ್ತಲು ಬಿಡದವರ ಮೇಲೆ ಅಟ್ರಾಸಿಟಿ ಕೇಸು, ಅದಕ್ಕೆ ಜಾಮೀನು ಸಿಗುವುದು ಕಷ್ಟ. ಹೌದು ಅಂದರೆ ಚಂದ್ರಾಮನ ಮೇಲೆ ಕೇಸು. ಎಮ್ಮೆ ಕಳಕೊಂಡ ದೇವಿಂದ್ರಪ್ಪನ ಕಣ್ಣಲ್ಲಿ ನೀರು ಬಂತು.

"ಸಾಹೇಬ್ರ, ಚಂದ್ರಾಮ ನಮಗ ತಮ್ಮ ಇದ್ದಂಗ. ದಿನಾ ಮುಂಜಾನಿ ಕಟ್ಟಿ ಹತ್ತಿ ತನ್ನ ಕೈಲೇ ನೀರ ಸೇದತಾನ. ನಾವೇ ಬಾರಪ್ಪಾ ಬಾ ಅಂತೀವಿ."

"ನಿಮ್ಮ ತಮ್ಮನ ಕಣ್ಣ ಹೆಂಗ ಹೋತು?"

"ಅದ ಬ್ಯಾರೆ ಮಾತರಿ."

ಮೂವತ್ತು ಜನ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಸಹಿ ಮಾಡಲು ಬರುವವರೂ ಹೆಬ್ಬೆಟ್ಟೇ ಒತ್ತಿದರು, ಅದೇ ಗಟ್ಟಿಯಂತೆ. ನೀರಿನ ವಿಷಯಕ್ಕೆ ವಾಟರ್‌ಮನ್ ಮಾತೇ ಮುಖ್ಯ ಅಂದರು, ಹಾಗಾಗಿ ಮೊದಲ ಹೆಬ್ಬೆಟ್ಟು ನನ್ನದು.

ಊರಿನ ಮಾನ, ತಾಯಿ. ನೀವು ದೊಡ್ಡ ಮನೆಯವರು, ನಿಮಗೆ ಇದು ಅರ್ಥವಾಗುತ್ತದೆ.

ಗುರುಲಿಂಗಯ್ಯ


ಶಹಾಬಾದ
8 ನವೆಂಬರ್ 2024

ಗುರುಲಿಂಗಯ್ಯನವರಿಗೆ,

ನನ್ನ ಮನೆತನದ ಮಾತು ಮೂರು ಸಲ ಎತ್ತಿದ್ದೀರಿ. ಈಗ ಹೇಳುತ್ತೇನೆ. ನಮ್ಮಜ್ಜಿ ಚಿತ್ತಾಪುರದ ಕಡೆಯ ಒಂದು ಹಳ್ಳಿಯಲ್ಲಿ ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಮೇಲಿನವರು ಮನಸ್ಸು ಬಂದಾಗ ಸುರಿಯುತ್ತಿದ್ದರು, ಮನಸ್ಸು ಬಂದರೆ ತಲೆಯ ಮೇಲೆ. ಒಂದು ಬೇಸಿಗೆ ಅಜ್ಜಿ ಒಂದು ಮೆಟ್ಟಿಲು ಹತ್ತಿದಳು. ಅವಳ ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ವಾಡಿಗೆ ಬಂದೆವು, ಬುದ್ಧನ ದಾರಿ ಹಿಡಿದೆವು, ಮಕ್ಕಳಿಗೆ ಇಂಥ ಹೆಸರು ಇಟ್ಟೆವು. ದೊಡ್ಡ ಮನೆ ಅಷ್ಟೇ.

ಆ ಪ್ರಶ್ನೆಯಿಂದ ಚಂದ್ರಾಮನನ್ನು ಬಿಡಿಸುತ್ತೇನೆ ಎಂದುಕೊಂಡಿದ್ದೆ, ಅವನ ಸುತ್ತ ಮೂವತ್ತು ಸಾಕ್ಷಿಗಳನ್ನು ನಾನೇ ನಿಲ್ಲಿಸಿದೆ. ಬುದ್ಧಿವಂತಿಕೆಗೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ.

ನಿಮ್ಮ ಅಕ್ಟೋಬರ್ ಪತ್ರ ಮತ್ತೆ ತೆಗೆದು ಓದಿದೆ. ಸತ್ತ ಎಮ್ಮೆ ಯಾರದೆಂದು ಇದೆ, ಮೊದಲ ಏಟು ಯಾರದೆಂದು ಇಲ್ಲ. "ಎಲ್ಲಿಂದಲೋ ಒಂದು ಕಬ್ಬಿಣದ ಏಟು." ಇಡೀ ದಿನ ಕೈಯಲ್ಲಿ ಕಬ್ಬಿಣ ಹಿಡಿದು ತಿರುಗುವವರು ಗಂಜಿಗೇರಿಯಲ್ಲಿ ಎಷ್ಟು ಜನ? ನಳದ ವಾಲ್ ತಿರುಗಿಸುವ ಚಾವಿ ಎಷ್ಟು ಉದ್ದ ಇರುತ್ತದೆ?

ಉತ್ತರ ನನಗೆ ಬೇಡ. ಠಾಣೆಗೆ ಬೇಕು.

ಮೈತ್ರಿ


ಗಂಜಿಗೇರಿ
24 ನವೆಂಬರ್ 2024

ಮೈತ್ರಿ ತಾಯಿ,

ಅಕ್ಷರ ಕುರಿ ಹಿಕ್ಕೆಯಂತೆ ಉದುರಿದ್ದರೆ ಕ್ಷಮಿಸಬೇಕು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೂರು ಕಡೆ ಮುರಿದಿದೆ. ಡಾಕ್ಟರರು ಎಕ್ಸ್‌ರೇ ಬೆಳಕಿಗೆ ಹಿಡಿದು, ಭಾಳ ಮನಸ್ಸಿಟ್ಟು ಮುರಿದಾರಲ್ಲ ಅಂತ ಹೊಗಳಿದರು.

ವಾಲ್ ಚಾವಿ ಎರಡೂವರೆ ಅಡಿ.

ಆ ಸಂಜೆ ಚಂದ್ರಾಮ ಬಾಯಿ ತೆರೆದದ್ದು ನನ್ನನ್ನು ನೋಡಿ. ಅವನಿಗೆ ಕಟ್ಟೆ ಹತ್ತುವ ಹಕ್ಕಿಲ್ಲ, ಪಂಪು ತೊಳೆಯಲು ನೀರು ಬೇಕು. ಹಾಗಾದರೆ ದಿನಾ ಮೇಲೆ ನಿಂತು ಬಂಡೆಗೆ ನೀರು ಸುರಿದವರು ಯಾರು? ಹನ್ನೆರಡು ವರ್ಷದಿಂದ ನಾನೇ. "ಅಯ್ಯನೋರೇ, ನೀವರೆ ಹೇಳ್ರಿ, ನೀವ ನೀರ..." ಅಂದ. ಇಷ್ಟೇ ಅಂದದ್ದು. ಐವತ್ತು ಜನ ನನ್ನ ಕಡೆ ತಿರುಗುವ ಮೊದಲು ಆ ಬಾಯಿ ಮುಚ್ಚಬೇಕಿತ್ತು. ಬಾಯಿಗೆ ಬೀಸಿದೆ, ಕಣ್ಣಿಗೆ ಬಿತ್ತು. ಊರಿನ ಮಾನ ಅಂತ ಬರೆಯುತ್ತಿದ್ದೆನಲ್ಲ, ಅದರ ಉದ್ದ ಎರಡೂವರೆ ಅಡಿ.

ಹನ್ನೆರಡನೇ ತಾರೀಕು ಠಾಣೆಗೆ ಹೋಗಿ ಬರೆದುಕೊಟ್ಟೆ. ಚಂದ್ರಾಮ ಕಟ್ಟೆ ಹತ್ತಿಲ್ಲ, ನಾವು ಹತ್ತಲು ಬಿಟ್ಟಿಲ್ಲ, ನೀರು ಸುರಿದವನು ನಾನು, ಮೊದಲು ಹೊಡೆದವನು ನಾನು. ಈ ಸಲ ಸಹಿ ಮಾಡಿದೆ. ಸಾಹೇಬರು ನಿಮ್ಮ ಹನ್ನೊಂದು ವರದಿಗಳನ್ನು ಮೇಜಿನ ಮೇಲೆ ಹರಡಿ ದೇವಿಂದ್ರಪ್ಪನನ್ನು ಕರೆಸಿದರು. "ಚಿಂಚೋಳಿ ಕಡೆ ಬಾವಿಗಿ ಎಣ್ಣಿ ಹಾಕ್ಲಿಕ್ಕ ಚಂದ್ರಾಮ ಯಾವ ಬಸ್ಸಿಗಿ ಹೋಗಿದ್ದ?" ದೇವಿಂದ್ರಪ್ಪ ಬಸ್ಸಿನ ಹೆಸರು ನೆನಪಿಸಿಕೊಳ್ಳುತ್ತೇನೆ ಅಂದ. ಚಂದ್ರಾಮನ ಹಾಸಿಗೆಯ ಪಕ್ಕದ ಪೊಲೀಸ್ ಎದ್ದು ಹೋದ. ಕೇಸು ಈಗ ನನ್ನ ಮೇಲೆ, ದೇವಿಂದ್ರಪ್ಪನ ಮೇಲೆ, ಇನ್ನೂ ನಾಲ್ವರ ಮೇಲೆ. ಇವತ್ತೋ ನಾಳೆಯೋ ಕರೆದೊಯ್ಯುತ್ತಾರೆ. ಹೋಗುವವನೇ.

ಠಾಣೆಯಿಂದ ಊರಿಗೆ ಬಂದ ದಿನ ಬಾವಿಯ ಬಳಿ ಕಾದಿದ್ದರು. ಅವತ್ತು ಯಾರೂ ಅಯ್ಯನೋರೇ ಅನ್ನಲಿಲ್ಲ. ನನ್ನದೇ ಚಾವಿ ಕಸಿದರು. ಠಾಣೆಯಲ್ಲಿ ಸಹಿ ಮಾಡಿದ ಕೈಯನ್ನು ಕಟ್ಟೆಯ ಮೇಲೆ ಇಡಿಸಿ ಹೊಡೆದರು. ಒಂದು, ಎರಡು ಅಂತ ಎಣಿಸಿದ್ದು ನೆನಪಿದೆ, ಮೂರು ನೆನಪಿಲ್ಲ. ಚಂದ್ರಾಮ ಎಲ್ಲಿಯವರೆಗೆ ಎಣಿಸಿದ್ದನೋ ಅಂತ ಆಗ ಯೋಚನೆ ಬಂತು. ಅದಕ್ಕೆ ಮೊದಲು ಬಂದಿರಲಿಲ್ಲ.

ದವಾಖಾನೆಯಲ್ಲಿ ನಾನೂ ಚಂದ್ರಾಮನೂ ಒಂದೇ ವಾರ್ಡಿನಲ್ಲಿದ್ದೆವು. ಹೋಗಿ ಅವನ ಮಂಚದ ಹತ್ತಿರ ನಿಂತೆ. ನಾನೇ ಹೊಡೆದವನು ಅಂದೆ.

"ಗೊತ್ತದರಿ. ಬಲಗಣ್ಣ ಅವಾಗೂ ಛಲೋ ಇತ್ತು," ಅಂದ. ಗೋಡೆಯ ಕಡೆ ಹೊರಳಿದ.

ಲಾಲಮ್ಮ ಹೊರಳಲಿಲ್ಲ. "ನಿಮ್ಮ ಕೈ ಮುರದದ್ದಕ್ಕ ನನಗ ಕೆಟ್ಟ ಅನಸ್ತದ ಅಂತ ಸುಳ್ಳ ಹೇಳಂಗಿಲ್ಲರಿ," ಅಂದಳು. ಹೇಳಲೂ ಇಲ್ಲ.

ನನ್ನನ್ನು ಮನೆಗೆ ಬಿಟ್ಟ ಮೇಲೆ, ನಿನ್ನೆ ಆಕೆ ಊರಿಗೆ ಬಂದಳು. ಹೊಸ ಬಾಟಲಿ ತುಂಬಬೇಕಿತ್ತು, ನನಗೆ ಹಗ್ಗ ಹಿಡಿಯಲು ಕೈಯಿಲ್ಲ, ಊರಿನವರು ಯಾರೂ ಮುಂದೆ ಬರಲಿಲ್ಲ. ಲಾಲಮ್ಮ ನನ್ನ ಕಂಕುಳಿಂದ ಬಾಟಲಿ ಎಳೆದುಕೊಂಡು, ಹಗ್ಗ ಹೆಗಲಿಗೆ ಹಾಕಿಕೊಂಡು, ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಗಂಡಸರು ಕೋಲು ಹಿಡಿದು ಎದ್ದರು. ಆಕೆ ಸೀರೆಯ ಸೆರಗಿನಿಂದ ಒಂದು ಹಾಳೆ ತೆಗೆದಳು. ಮೂವತ್ತು ಹೆಬ್ಬೆಟ್ಟಿನ ಹೇಳಿಕೆಯ ಝೆರಾಕ್ಸ್, ಠಾಣೆಯಲ್ಲಿ ಕೇಳಿ ಪಡೆದದ್ದು.

"ನಾವ ದಿನಾ ಹತ್ತತೇವಂತ ನೀವ ಬರದ ಕೊಟ್ಟೀರಿ. ದೇವಿಂದ್ರಪ್ಪ ಮಾವ, ಬಾರವ್ವಾ ಬಾ ಅನ್ರಿ. ಅಂತೀವಂತ ಸಾಹೇಬ್ರ ಮುಂದ ಹೇಳೀರಲ್ಲ."

ಯಾರ ಕೋಲೂ ಏಳಲಿಲ್ಲ. ಎತ್ತಿದರೆ ಹೇಳಿಕೆ ಸುಳ್ಳು, ಸುಳ್ಳಾದರೆ ಮೂವತ್ತೂ ಜನ ಒಳಗೆ. ದೇವಿಂದ್ರಪ್ಪನ ತುಟಿ ಆಡಿತು. "ಬಾರವ್ವ," ಅಂದ. ವಾಂತಿಗೆ ಬಂದವನ ಹಾಗೆ ಅಂದ, ಆದರೂ ಅಂದ.

ಎರಡು ಬೆರಳಿಲ್ಲದ ಕೈಯಲ್ಲಿ ಆಕೆ ಕೊಡ ಎಳೆದಳು. ಆಕೆಯ ಓಣಿಯವರು ಆ ನೀರನ್ನು ತಾವೇ ಸೇದಿದ್ದು ಇದೇ ಮೊದಲು, ಅದೂ ಯಾರೂ ಕುಡಿಯಬಾರದ ನೀರು. ಬಾಟಲಿ ಕುತ್ತಿಗೆವರೆಗೆ ತುಂಬಿ, ಬಿರಡೆ ಬಿಗಿದು ನನ್ನ ಕಂಕುಳಿಗೆ ತುರುಕಿದಳು. ಈ ಪತ್ರದ ಜೊತೆ ಬಂದಿರುವುದು ಅದೇ.

ಕೊಡದಲ್ಲಿ ಇನ್ನೂ ಅರ್ಧ ಉಳಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ನೀರನ್ನು ತಾನು ನಿಂತಿದ್ದ ಕಲ್ಲಿನ ಮೇಲೆ ಸುರಿದಳು. ತನ್ನ ಹೆಜ್ಜೆ ಬಿದ್ದ ಒಂದೊಂದು ಮೆಟ್ಟಿಲನ್ನೂ ಅಂಗೈಯಿಂದ ತಿಕ್ಕುತ್ತಾ, ಹಿಂದೆ ಹಿಂದೆ ಇಳಿದಳು.

"ನಾ ಹೋದ ಮ್ಯಾಲ ಹೆಂಗೂ ತೊಳೀತೀರಿ," ಅಂದಳು. "ನಿಮಗ್ಯಾಕ ತ್ರಾಸು. ನಾನೇ ತೊಳದ ಹೋಗ್ತೀನಿ."

ಗುರುಲಿಂಗಯ್ಯ